ಕೆಲಸವಿಲ್ಲದ ನಲವತ್ತೊಂದು ಮಂದಿ

೧೯೬೧ರ ಫೆಬ್ರವರಿ. ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಜನಗಣತಿಯವರು ಬಂದಾಗ ಹನುಮಂತಪ್ಪ ಎಂದಿನಂತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಅವನು ದುಡಿಯುತ್ತಿದ್ದ ಮಿಲ್ಲಿಗೆ ದಸರೆಯ ಹೊತ್ತಿಗೆ ಬೀಗ ಬಿದ್ದಿತ್ತು. ಆವತ್ತಿನಿಂದಲೂ ಅವನು ಬೆಳಿಗ್ಗೆ ಎದ್ದು ಖಾಕಿ ಅಂಗಿ ತೊಟ್ಟು ಮಿಲ್ಲಿನ ಗೇಟಿನವರೆಗೆ ನಡೆದು ಹೋಗುತ್ತಿದ್ದ. ಅಲ್ಲಿ ಅಂಟಿಸಿದ್ದ ಹಳೆಯ ನೋಟೀಸನ್ನೇ ಇನ್ನೊಂದು ಸಲ ಓದಿ, ಹತ್ತು ಗಂಟೆಯೊಳಗೆ ತಿರುಗಿ ಬಂದು ಕಟ್ಟೆ ಹಿಡಿಯುತ್ತಿದ್ದ.

ಗಣತಿಗೆ ಬಂದವರು ಪ್ರೈಮರಿ ಶಾಲೆಯ ಸಣ್ಣಬೀರಪ್ಪ ಮೇಷ್ಟ್ರು. ಬಗಲಲ್ಲಿ ಚೀಟಿಗಳ ಕಟ್ಟು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಮುಖದ ತುಂಬ ಬೆವರು. ಆ ದಿನ ಅವರು ಆಗಲೇ ಮೂವತ್ತು ಮನೆ ಮುಗಿಸಿದ್ದರು.

“ಉದ್ಯೋಗ?” ಎಂದು ಕೇಳಿದರು.

“ಮಿಲ್ಲು ರೀ. ನೇಯ್ಗೆ ಖಾತೆ.”

ಮಿಲ್ಲು ಮುಚ್ಚಿದ್ದು ಮೇಷ್ಟ್ರಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಆದರೆ ಎದುರಿಗೆ ಕೂತ ಗಂಡಸಿನ ಮುಖ ನೋಡಿ, ‘ಈಗ ಕೆಲಸ ಐತೇನು?’ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಬರೆದುಕೊಂಡರು.

“ಹೆಂಡ್ತಿ?”

“ಕೊಟ್ರವ್ವ.”

“ಅವರೇನು ಮಾಡ್ತಾರೆ?”

ಎದುರು ಮನೆಯ ನೆರಳಲ್ಲಿ ಮಿಲ್ಲಿನಲ್ಲಿ ಹನುಮಂತಪ್ಪನ ಜೊತೆ ದುಡಿದಿದ್ದ ಇಬ್ಬರು ಬೀಡಿ ಸೇದುತ್ತ ಕೂತು ಇತ್ತ ಕಿವಿ ಕೊಟ್ಟಿದ್ದರು. ಹನುಮಂತಪ್ಪ ಸ್ವಲ್ಪ ಜೋರಾಗಿಯೇ ಹೇಳಿದ: “ಹೆಂಗಸ್ರು ಏನು ಮಾಡ್ತಾರ್ರೀ ಮೇಷ್ಟ್ರೆ? ಮನ್ಯಾಗಿರ್ತಾಳೆ.”

ಮೇಷ್ಟ್ರು ‘ಕೆಲಸವಿಲ್ಲ, ಮನೆವಾರ್ತೆ’ ಎಂದು ಬರೆದು ಚೀಟಿ ತಿರುವಿ ಹಾಕಿದರು.

ಅದೇ ಹೊತ್ತಿನಲ್ಲಿ ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಜಮಾಲುದ್ದೀನರ ಭಟ್ಟಿಯಲ್ಲಿ, ಕೊಟ್ರವ್ವ ಒಲೆಯ ಮುಂದಿದ್ದಳು. ಒಲೆಯ ಬಾಯಿಗೆ ಎಡಗೈಯಿಂದ ಭತ್ತದ ಹೊಟ್ಟು ಚಿಮುಕಿಸುತ್ತ, ಬಲಗೈಯಿಂದ ಬಾಣಲಿಯ ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿದ ಗಳಿಗೆಯಲ್ಲೇ ಎತ್ತಿ ಪಕ್ಕದ ಜರಡಿಗೆ ಹಾಕುವುದು ಅವಳ ಕೆಲಸ. ಒಂದು ಉಸಿರು ಹೆಚ್ಚಾದರೆ ಅಕ್ಕಿ ಕರಕಲು, ಒಂದು ಉಸಿರು ಕಡಿಮೆಯಾದರೆ ಗಟ್ಟಿಕಾಳು. ಕೊಂಡಜ್ಜಿ ಹಳ್ಳಿಯಿಂದ ಮದುವೆಯಾಗಿ ಬಂದ ವರ್ಷವೇ ಅವಳು ಈ ಒಲೆಯ ಮುಂದೆ ಕೂತವಳು. ಹದಿನೆಂಟು ವರ್ಷದಲ್ಲಿ ಎರಡು ಬಾಣಂತನ ಬಿಟ್ಟರೆ ಎದ್ದಿರಲಿಲ್ಲ. ಮುಂಗೈ ಮೇಲಿನ ಕೂದಲು ಸುಟ್ಟು ಹೋಗಿ ಯಾವ ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ.

ಸಂಜೆ ಅವಳು ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುವಾಗ ಹನುಮಂತಪ್ಪ ಹೇಳಿದ: “ಗಣತಿಯೋರು ಬಂದಿದ್ರು. ಎಲ್ಲಾ ಬರೆಸಿ ಕಳಿಸೀನಿ.”

“ನಂದೇನು ಬರೆಸಿದ್ರಿ?”

“ನಿಂದೇನು ಬರೆಸೋದು? ಮನ್ಯಾಗಿರ್ತಾಳೆ ಅಂದೆ. ಕೆಲಸಿಲ್ಲ ಅಂತ ಬರಕೊಂಡ್ರು.”

“ನಿಮ್ದು?”

“ಮಿಲ್ಲು.”

ಕೊಟ್ರವ್ವ ಚೊಂಬು ಕೆಳಗಿಟ್ಟಳು. “ಮಿಲ್ಲಿಗೆ ಬೀಗ ಬಿದ್ದು ಐದು ತಿಂಗ್ಳಾತು. ಈ ಮನೆ ಒಲಿ ಯಾರ ದುಡಿಮೆಯಿಂದ ಉರೀತೈತೆ?”

“ಲೇ, ಅದು ಕಾಗದಕ್ಕೆ ಬರೆಯೋ ಮಾತು. ಅದರಿಂದ ನಿನ್ನ ಕೂಲಿ ಏನು ನಿಲ್ತೈತಾ?”

“ಕಾಗದಕ್ಕೆ ಬರೆಯೋದಾದ್ರೆ ಖರೇನ ಬರೆಸಬೇಕಿತ್ತು. ನೀ ಸುಳ್ಳು ಹೇಳಿದಿ.”

ಮದುವೆಯಾದಾಗಿನಿಂದ ಅವಳು ಗಂಡನನ್ನು ‘ನೀ’ ಎಂದದ್ದು ಅದೇ ಮೊದಲು. ಅವನು ಕೈ ಎತ್ತುವಷ್ಟು ಸಿಟ್ಟಾದ. ಎತ್ತಲಿಲ್ಲ. ಅವಳ ಕಣ್ಣು ನೋಡಿ ಹೊರಗೆ ನಡೆದ.

ಮರುದಿನ ಭಟ್ಟಿಯಲ್ಲಿ ಕೊಟ್ರವ್ವ ಈ ಮಾತೆತ್ತಿದಾಗ, ಮೊದಲು ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಅವರ ಮನೆಗಳಲ್ಲೂ ಅದನ್ನೇ ಬರೆಸಿದ್ದರು. ಒಬ್ಬಳ ಮಾವ, ಇನ್ನೊಬ್ಬಳ ಮೈದುನ, ಮತ್ತೊಬ್ಬಳ ಮಗ ಬಾಗಿಲಲ್ಲಿ ನಿಂತು ಹೇಳಿದ ಮಾತು ಒಂದೇ: ಮನ್ಯಾಗಿರ್ತಾಳೆ.

ಜರಡಿ ಹಿಡಿದಿದ್ದ ಖತೀಜಾಬೀ ಅರವತ್ತರ ಹತ್ತಿರದವಳು. ರಂಜಾನ್ ತಿಂಗಳು ಶುರುವಾಗಿ ನಾಲ್ಕೈದು ದಿನವಾಗಿತ್ತು. ಹನಿ ನೀರು ಕುಡಿಯದೆ ಅವಳು ಆ ಕಾವಿನ ಪಕ್ಕ ಬೆಳಗಿನಿಂದ ಜರಡಿ ಆಡಿಸುತ್ತಿದ್ದಳು.

“ನಮ್ಮನ್ಯಾಗೆ ಗಂಡಸೇ ಇಲ್ಲ. ನಂದು ಯಾರು ಬರೆಸಿದ್ರು ಗೊತ್ತೇನು?” ಎಂದಳು. “ನಾ ಇಲ್ಲಿದ್ದಾಗ ಮೇಷ್ಟ್ರು ಪಕ್ಕದ ಮನಿ ಮಾಬೂಬೀನ ಕೇಳ್ಯಾರೆ. ಅವಳ ಗಂಡ ಒಳಗಿಂದ್ಲೇ ಕೂಗಿ ಹೇಳಿದ್ನಂತೆ, ಮುದುಕಿ, ಮಗ ಸಾಕ್ತಾನೆ ಅಂತ. ನನ್ನ ಮಗ ಹುಬ್ಬಳ್ಳಿಗೆ ಹೋಗಿ ಆರು ವರ್ಷಾತವ್ವ. ಬದುಕ್ಯಾನೋ ಇಲ್ಲೋ ಅಲ್ಲಾನಿಗೇ ಗೊತ್ತು. ಅವನು ನನ್ನ ಸಾಕ್ತಾನಂತೆ!”

ಅದೇ ಭಟ್ಟಿಯಲ್ಲಿ ಚೀಲ ಹೊಲಿಯುವ ಇಬ್ಬರು ಗಂಡಸರಿದ್ದರು. ಅವರನ್ನು ಕೇಳಿದರೆ, ಅವರ ಚೀಟಿಯಲ್ಲಿ ‘ಮಂಡಕ್ಕಿ ತಯಾರಿಕೆ’ ಎಂದು ಬರೆದಿತ್ತು. ಮಂಡಕ್ಕಿ ಮಾಡುವವರಿಗೆ ಕೆಲಸವಿಲ್ಲ, ಅದನ್ನು ತುಂಬಿದ ಚೀಲದ ಬಾಯಿ ಹೊಲಿಯುವವರು ಮಂಡಕ್ಕಿ ತಯಾರಕರು! ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿನಲ್ಲಿ ಕೊಟ್ರವ್ವ ಊಟ ಬಿಟ್ಟು ಓಣಿಯ ನಾಲ್ಕೂ ಭಟ್ಟಿಗಳಿಗೆ ಹೋಗಿ ವಿಚಾರಿಸಿ ಬಂದಳು. ನಾಲ್ಕು ಭಟ್ಟಿಗೆ ಸೇರಿ ನಲವತ್ತೊಂದು ಹೆಂಗಸರು. ನಲವತ್ತೊಂದು ಮಂದಿಗೂ ಕೆಲಸವಿರಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಅವಳೂ ಖತೀಜಾಬೀಯೂ ಹೋಗಿ ಗೇಟಿನ ಹತ್ತಿರ ನಿಂತರು. ಸಣ್ಣಬೀರಪ್ಪ ಮೇಷ್ಟ್ರು ಸೈಕಲ್ಲು ತಳ್ಳಿಕೊಂಡು ಬಂದವರು ಇವರನ್ನು ನೋಡಿ ನಿಂತರು.

“ನನ್ನ ಗುರ್ತು ಐತೇನ್ರಿ ಮೇಷ್ಟ್ರೆ?” ಎಂದಳು ಕೊಟ್ರವ್ವ.

“ಇಲ್ಲದೆ ಏನವ್ವ, ಜಮಾಲುದ್ದೀನ್ ಸಾಹೇಬ್ರ ಭಟ್ಟಿಯೋರು.”

“ನೋಡ್ರಿ, ನಿಮಗೇ ಗೊತ್ತೈತೆ. ಮತ್ತೆ ಕೆಲಸಿಲ್ಲ ಅಂತ ಹೆಂಗೆ ಬರೆದ್ರಿ?”

ಮೇಷ್ಟ್ರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. “ನಿಮ್ಮ ಯಜಮಾನ್ರು ಹೇಳಿದ್ದನ್ನ ಬರಕೊಂಡೆ ಅವ್ವ. ನೂರೈವತ್ತು ಮನೆ ನನಗೆ ಕೊಟ್ಟಾರೆ. ಒಂದೊಂದು ಮನೇಲೂ ಎಲ್ಲಾರನ್ನೂ ಕರೆದು ಕೇಳ್ತಾ ಕುಂತ್ರೆ ಮುಗಿಯಂಗಿಲ್ಲ.”

“ನಿಮ್ಮ ಸರ್ಕಾರದೋರು ಗಂಡಸ್ರನ್ನಷ್ಟೇ ಕೇಳು ಅಂತ ಹೇಳ್ಯಾರೇನು?”

ಹಾಗೆ ಹೇಳಿರಲಿಲ್ಲ. ಮೇಷ್ಟ್ರ ಚೀಲದಲ್ಲೇ ಸೂಚನೆಗಳ ಪುಸ್ತಕವಿತ್ತು. ಒಂದು ದಿನದ ತರಬೇತಿಯಲ್ಲಿ ಅದನ್ನು ಹಂಚಿದ್ದರು, ಅವರು ಪೂರ್ತಿ ಓದಿರಲಿಲ್ಲ. ಅಲ್ಲೇ ಸೈಕಲ್ಲಿಗೆ ಒರಗಿ ಪುಟ ತಿರುವಿದರು. ಓದುತ್ತ ಓದುತ್ತ ಅವರ ಮುಖ ಸಣ್ಣದಾಯಿತು. ಕೂಲಿಗೆ ದುಡಿಯುವ ಹೆಂಗಸನ್ನು ದುಡಿಯುವವಳೆಂದೇ ಬರೆಯಬೇಕು ಎಂದು ಅಲ್ಲಿ ನೇರವಾಗಿಯೇ ಇತ್ತು. ದುಡಿಯುತ್ತಿದ್ದು ಈಗ ಕೆಲಸ ಹೋದ ಗಂಡಸನ್ನು ಬೇರೆಯಾಗಿ ಬರೆಯಬೇಕು ಎಂದೂ ಇತ್ತು.

“ತಪ್ಪಾಗೈತೆ” ಎಂದರು ಮೆಲ್ಲಗೆ. “ಮಾರ್ಚ್ ಒಂದರಿಂದ ಮೂರು ದಿನ ಇನ್ನೊಂದು ಸುತ್ತು ಬರ್ತೀವಿ, ಸತ್ತೋರು ಹುಟ್ಟಿದೋರು ನೋಡಾಕೆ. ಆಗ ತಿದ್ದಬೌದು. ಆದ್ರೆ ನಮ್ಮ ಮೇಲ್ವಿಚಾರಕರು ಒಪ್ಪಬೇಕು.”

ಮೇಲ್ವಿಚಾರಕ ಸೂರಪ್ಪ ತಾಲೂಕು ಕಚೇರಿಯ ಗುಮಾಸ್ತ. ಮೇಷ್ಟ್ರು ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಸೂರಪ್ಪ ಹೆಂಗಸರನ್ನು ಬಾಗಿಲ ಹೊರಗೇ ನಿಲ್ಲಿಸಿ, ಮೇಷ್ಟ್ರಿಗೆ ಮಾತ್ರ ಕುರ್ಚಿ ತೋರಿಸಿ, ಎಲ್ಲ ಕೇಳಿದ. ಕೇಳಿ ನಕ್ಕುಬಿಟ್ಟ.

“ಮಂಡಕ್ಕಿ ಹುರಿಯೋದು ಅಡಿಗೆ ಇದ್ದಂಗೆ ಕಣ್ರೀ. ಇದನ್ನೂ ಉದ್ಯೋಗ ಅಂತ ಬರೆದ್ರೆ ನಾಳೆ ಮುದ್ದಿ ತಿರುವೋದೂ ಉದ್ಯೋಗ ಅಂತಾರೆ.”

ಕೊಟ್ರವ್ವ ಹೊಸ್ತಿಲ ಆಚೆಯಿಂದಲೇ ಹೇಳಿದಳು: “ಅಡಿಗಿ ಮಾಡಿದ್ರೆ ಮನಿಯೋರು ಉಣ್ತಾರ್ರಿ. ನಾ ಹುರಿದಿದ್ದು ಚೀಲ ಕಟ್ಟಿ ಹುಬ್ಬಳ್ಳಿ ರೈಲಿಗೆ ಹಾಕ್ತಾರೆ. ನಮ್ಮನಿ ಅಡಿಗಿ ನಾ ಕೋಳಿ ಕೂಗೋದ್ರೊಳಗೆ ಮುಗಿಸಿ ಬಂದಿರ್ತೀನಿ. ಅದನ್ನ ಬರೀರಿ ಅಂತ ನಾ ಕೇಳಿಲ್ಲ.”

“ನಿನ್ನ ಗಂಡ ಹೇಳಿದ್ದು ಸುಳ್ಳೇನಮ್ಮ?”

“ಹೂಂ ರೀ. ಸುಳ್ಳು.”

ಸೂರಪ್ಪನಿಗೆ ಆ ಉತ್ತರದ ನಿರೀಕ್ಷೆಯಿರಲಿಲ್ಲ. “ಹೋಗ್ರಿ ಹೋಗ್ರಿ. ಮನೆ ಯಜಮಾನ ಹೇಳಿದ್ದು ಹೇಳಿದ್ದೇ. ನಾ ಒಂದು ಓಣೀದು ತಿದ್ದಾಕೆ ಹೋದ್ರೆ ಎಲ್ಲಾ ಓಣಿಯೋರೂ ಬಂದು ನಿಲ್ತಾರೆ” ಎಂದು ಫೈಲು ಎಳೆದುಕೊಂಡ.

ತಿರುಗಿ ಬರುವಾಗ ಖತೀಜಾಬೀ ಎರಡು ಸಲ ಗೋಡೆ ಹಿಡಿದು ನಿಂತಳು. ಉಪವಾಸದಲ್ಲಿ ಅಷ್ಟು ದೂರ ನಡೆದು ಅವಳ ತುಟಿ ಬಿಳಿಚಿತ್ತು. ತನ್ನ ಚೀಟಿಗಿಂತ ಅದೇ ಕೊಟ್ರವ್ವನನ್ನು ಹೆಚ್ಚು ಕೆರಳಿಸಿತು. ಈ ಮುದುಕಿಗೆ ಕೂಡಲು ಒಂದು ಕುರ್ಚಿ ಕೊಡಲಿಲ್ಲ ಆ ಮನುಷ್ಯ.

ಭಾನುವಾರ ಅವಳು ರೈಲು ಹತ್ತಿ ಹರಿಹರಕ್ಕೆ ಹೋದಳು. ತಂಗಿ ಕೆಂಚವ್ವ ಅಲ್ಲಿ ಹೊಳೆ ದಂಡೆಯ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದಳು. ಭಾನುವಾರವೂ ಅವಳಿಗೆ ರಜೆ ಇರಲಿಲ್ಲ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹತ್ತು ಹಸಿ ಇಟ್ಟಿಗೆ. ಅಕ್ಕ ಬಂದಳೆಂದು ನಿಲ್ಲಿಸದೆ, ಹೋಗುತ್ತ ಬರುತ್ತಲೇ ಮಾತಾಡಿದಳು.

“ನಿಂದೇನು ಬರಕೊಂಡ್ರು?” ಎಂದು ಕೊಟ್ರವ್ವ ಕೇಳಿದಳು.

“ಗಣತೀದಾ? ನಾ ಯಾರ್ನೂ ನೋಡೇ ಇಲ್ಲಕ್ಕ. ನಮ್ಮ ಮೇಸ್ತ್ರಿ ಎಲ್ಲಾರ್ದೂ ಬರೆಸ್ಯಾನೆ. ಗಂಡಸ್ರು ಇಟ್ಟಿಗೆ ಕೆಲಸ, ಹೆಂಗಸ್ರು ಅವರ ಜೊತೆಗೆ ಬಂದಿರ್ತಾರೆ ಅಂತ.”

“ಜೊತೆಗೆ ಬಂದಿರ್ತಾರೆ?”

“ಹೂಂ, ಹೊಳಿ ನೋಡಾಕೆ!” ಎಂದು ಕೆಂಚವ್ವ ಹಲಗೆ ಇಳಿಸುತ್ತ ನಕ್ಕಳು. “ಸರ್ಕಾರನೇ ಕೆಲಸಿಲ್ಲ ಅಂದ್ಮ್ಯಾಲೆ ನೀ ಯಾಕ ಭಟ್ಟಿಗೆ ಹೋಗ್ತಿ? ಮನ್ಯಾಗೆ ಕಾಲು ಚಾಚ್ಕೊಂಡು ಮಲಕ್ಕೋ ಹೋಗು.”

ಕೊಟ್ರವ್ವ ನಗಲಿಲ್ಲ. ತಂಗಿಯ ಕುತ್ತಿಗೆಯ ನರ ಉಬ್ಬಿ ನಿಂತಿದ್ದನ್ನೇ ನೋಡುತ್ತಿದ್ದಳು. ಐದು ತಿಂಗಳ ಬಸುರಿ ಹೆಣ್ಣು. ಸಂಜೆಯ ರೈಲಿನಲ್ಲಿ ತಿರುಗಿ ಬರುವಾಗ ತಂಗಿಯ ತಮಾಷೆಯ ಮಾತನ್ನು ಅವಳು ಮನಸ್ಸಿನಲ್ಲಿ ಹತ್ತು ಸಲ ತಿರುವಿ ಹಾಕಿದಳು. ದಾವಣಗೆರೆಯಲ್ಲಿ ಇಳಿಯುವ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ.

ಸೋಮವಾರ, ಮಂಗಳವಾರ ಎರಡು ದಿನ ಅವಳು ಭಟ್ಟಿ ಹೆಂಗಸರ ಮನೆ ಮನೆಗೆ ಹೋಗಿ ಬಂದಳು. ಕೆಲವರು ಹೆದರಿದರು. ಒಬ್ಬಳು, “ನನ್ನ ಮಕ್ಕಳು ಉಪವಾಸ ಬೀಳ್ತಾವೆ” ಎಂದಳು. “ಒಂದು ದಿನ ನನ್ನ ಮಕ್ಕಳೂ ಬೀಳ್ತಾವೆ. ನಾ ಒತ್ತಾಯ ಮಾಡಲ್ಲ, ನೀ ಬ್ಯಾಡ ಅಂದ್ರೆ ಬಿಡು” ಎಂದು ಕೊಟ್ರವ್ವ ಎದ್ದು ಬಂದಳು. ಆ ಹೆಂಗಸು ಹಿಂದೆಯೇ ಓಡಿ ಬಂದು ತಾನೂ ಇದ್ದೇನೆ ಎಂದಳು.

ಮಾರ್ಚ್ ಒಂದನೆಯ ತಾರೀಖು ಬುಧವಾರ ನಾಲ್ಕು ಭಟ್ಟಿಗಳ ಒಲೆ ಹತ್ತಲಿಲ್ಲ. ಹೆಂಗಸರೆಲ್ಲ ಮನೆಗಳಲ್ಲೇ ಇದ್ದರು. ಜಮಾಲುದ್ದೀನ್ ಎಂಟು ಗಂಟೆಯವರೆಗೆ ಕಾದು, ಟೋಪಿ ಸರಿಮಾಡಿಕೊಳ್ಳುತ್ತ ಕೊಟ್ರವ್ವನ ಮನೆಗೆ ಬಂದರು.

“ಏನವ್ವ ಇದು? ನೆನೆಸಿದ ಭತ್ತ ಹಂಗೇ ಕುಂತೈತೆ. ಯಾಕ, ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ರಿ ಸಾಹೇಬ್ರೆ. ನಮಗೆ ಕೆಲಸಿಲ್ಲ.”

“ಕೆಲಸಿಲ್ಲ ಅಂದ್ರೆ? ಕೆಲಸ ರಾಶಿ ಬಿದ್ದೈತಲ್ಲವ್ವ!”

“ನಾವು ಹೇಳಿದ್ದಲ್ರಿ. ಸರ್ಕಾರದ ಚೀಟಿಯಾಗೆ ಬರೆದಾರೆ. ಸೂರಪ್ಪನೋರ್ನ ಕೇಳ್ರಿ. ಅವರು ಕೆಲಸ ಐತೆ ಅಂತ ಬರೆದ ಗಳಿಗಿಗೆ ಬಂದು ಒಲಿ ಹಚ್ತೀವಿ.”

ಊರಿನ ಮಂಡಕ್ಕಿಯೆಲ್ಲ ನಿಂತುಹೋಗಲಿಲ್ಲ, ಬೇರೆ ಓಣಿಗಳಲ್ಲೂ ಭಟ್ಟಿಗಳಿದ್ದವು. ಆದರೆ ಮಧ್ಯಾಹ್ನದ ರೈಲಿಗೆ ಹೋಗಬೇಕಾದ ಚೀಲಗಳು ಹೋಗಲಿಲ್ಲ. ಬಜಾರದ ಮಿರ್ಚಿ ಅಂಗಡಿಗಳಲ್ಲಿ ಸಂಜೆ ಬಂದ ಗಿರಾಕಿಗಳು ಬರೀ ಮಿರ್ಚಿ ಹಿಡಿದು ನಿಂತು, ಖಾರಕ್ಕೆ ಬಾಯಿ ಊದುತ್ತ, ಮಂಡಕ್ಕಿ ಎಲ್ಲಿ ಎಂದು ಗದ್ದಲ ಮಾಡಿದರು. ನಾಲ್ಕು ಭಟ್ಟಿಯ ಮಾಲೀಕರೂ ಒಟ್ಟಾಗಿ ಸೂರಪ್ಪನ ಮೇಜಿನ ಮುಂದೆ ಹೋಗಿ ನಿಂತರು. ಹೆಂಗಸರಿಗೆ ಹೊಸ್ತಿಲು ದಾಟಲು ಬಿಡದವನು ಇವರಿಗೆ ಎದ್ದು ನಿಂತು ಕುರ್ಚಿ ಹಾಕಿಸಿದ.

“ನಮ್ಮ ಆಳುಗಳಿಗೆ ಕೆಲಸಿಲ್ಲ ಅಂತ ನೀವು ಹೇಳಿದ್ರಂತೆ” ಎಂದರು ಜಮಾಲುದ್ದೀನ್. “ಹಂಗಾದ್ರೆ ನಮ್ಮ ಭಟ್ಟೀಲಿ ಮಂಡಕ್ಕಿ ಯಾರು ಮಾಡ್ತಾರೆ, ನೀವು ಬಂದು ಮಾಡ್ತೀರೇನ್ರಿ?”

ನಲವತ್ತೊಂದು ಹೆಂಗಸರು ಹೇಳಿ ಆಗದ್ದು ನಾಲ್ಕು ಗಂಡಸರು ಹೇಳಿದ ಕೂಡಲೇ ಆಯಿತು. ಈ ಸುದ್ದಿ ಕೇಳಿ ಓಣಿಯೆಲ್ಲ ಹಿಗ್ಗಿತು. ಕೊಟ್ರವ್ವನಿಗೆ ಮಾತ್ರ ಅದೂ ಒಂದು ಅವಮಾನದಂತೆಯೇ ಚುಚ್ಚಿತು.

ಗುರುವಾರ ಬೆಳಿಗ್ಗೆ ಸಣ್ಣಬೀರಪ್ಪ ಮೇಷ್ಟ್ರು ಮತ್ತೆ ಬಂದರು. ಈ ಸಲ ಒಬ್ಬೊಬ್ಬ ಹೆಂಗಸನ್ನೂ ಎದುರಿಗೆ ಕರೆದು, ಅವಳ ಬಾಯಿಂದಲೇ ಕೇಳಿ ಬರೆದರು. ಖತೀಜಾಬೀ ತನ್ನ ಸರದಿಯಲ್ಲಿ, “ಮಗ ಸಾಕ್ತಾನೆ ಅನ್ನೋದನ್ನ ಮೊದ್ಲು ಹೊಡೀರಿ” ಎಂದು, ಮೇಷ್ಟ್ರು ಗೀಟು ಹಾಕುವುದನ್ನು ಬಗ್ಗಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಗೀಟು ಮಾತ್ರ ಕಂಡಿತು.

ಕೊಟ್ರವ್ವನ ಮನೆಯಲ್ಲಿ ಅವಳ ಚೀಟಿ ಬರೆದಾದ ಮೇಲೆ ಮೇಷ್ಟ್ರು ಹನುಮಂತಪ್ಪನ ಚೀಟಿ ತೆಗೆದರು. “ಇದನ್ನೂ ಸರಿ ಮಾಡಬೇಕಾಗೈತೆ” ಎಂದರು ನೆಲ ನೋಡುತ್ತ.

ಹನುಮಂತಪ್ಪ ಖಾಕಿ ಅಂಗಿಯ ಗುಂಡಿ ತಿರುವುತ್ತ ನಿಂತ. ಆ ಗಳಿಗೆ ಕೊಟ್ರವ್ವನಿಗೆ ಅವನ ಮೇಲೆ ಮರುಕವೂ ಬಂತು, ಮರುಕ ಬಂದದ್ದಕ್ಕೆ ಸಿಟ್ಟೂ ಬಂತು.

“ಕೆಲಸಿಲ್ಲ. ಹುಡುಕ್ತಾ ಇದೀನಿ ಅಂತ ಬರಕೊಳ್ರಿ” ಎಂದು ಹೇಳಿ ಅವನು ಒಳಗೆ ಹೋದ.

ಮೇಷ್ಟ್ರು ಹೊರಡುವಾಗ ಕೊಟ್ರವ್ವ ಕೇಳಿದಳು: “ಉಳಿದ ಓಣಿಯೋರದು? ಹತ್ತಿ ಜಿನ್ನಿನ್ಯಾಗೆ ಹೆಂಗಸ್ರು ಇದಾರಲ್ಲ, ಬೀಡಿ ಕಟ್ಟೋರು ಇದಾರಲ್ಲ? ಹರಿಹರದಾಗೆ ನನ್ನ ತಂಗಿ?”

“ನನಗೆ ಕೊಟ್ಟಿದ್ದು ಈ ಓಣಿ ಅಷ್ಟೇ ಅವ್ವ. ನಾಳೆ ಸಂಜಿಗೆ ಎಲ್ಲಾ ಮುಗೀತೈತೆ.”

ಅವಳು ಗುರುವಾರ ಮಧ್ಯಾಹ್ನವೂ ಶುಕ್ರವಾರವೂ ಪುರುಸೊತ್ತು ಮಾಡಿಕೊಂಡು ಜಿನ್ನಿನ ಗೇಟಿನ ಹತ್ತಿರ ಹೋಗಿ ಹೆಂಗಸರಿಗೆ ವಿಷಯ ಹೇಳಿ ಬಂದಳು. ಅವರು ತಮ್ಮ ಓಣಿಯ ಗಣತಿಯವರನ್ನು ಹುಡುಕುವಷ್ಟರಲ್ಲಿ ಗಡುವು ಮುಗಿದಿತ್ತು. ಜೂನಿನಲ್ಲಿ ಸಣ್ಣಬೀರಪ್ಪ ಮೇಷ್ಟ್ರಿಗೆ ಮಾಯಕೊಂಡಕ್ಕೆ ವರ್ಗವಾಯಿತು. ಸೂರಪ್ಪನೇ ಮಾಡಿಸಿದ್ದು ಎಂದು ಜನ ಆಡಿಕೊಂಡರು. ನಿಜವೋ ಸುಳ್ಳೋ, ಮೇಷ್ಟ್ರು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಆದರೆ ಅದಕ್ಕೂ ಮೊದಲು, ಚೀಟಿ ತಿದ್ದಿದ ನಾಲ್ಕನೆಯ ದಿನ, ಹನುಮಂತಪ್ಪ ಖಾಕಿ ಅಂಗಿ ತೊಡದೆ ಎದ್ದು ಹೋಗಿ ಜಮಾಲುದ್ದೀನರ ಹತ್ತಿರ ಕೆಲಸ ಕೇಳಿದ. ಅವರು ಹೊಟ್ಟಿನ ಚೀಲ ಹೊರಲು ಇಟ್ಟುಕೊಂಡರು. ಅವನು ಹೆಂಡತಿಯ ಒಲೆಗೇ ಚೀಲ ತಂದು ಸುರಿಯುತ್ತಿದ್ದ. ಸಂಜೆ ಇಬ್ಬರೂ ಮನೆಗೆ ಒಟ್ಟಿಗೆ ನಡೆದು ಬರತೊಡಗಿದರು.

ವಾರದ ಬಟವಾಡೆಯ ದಿನ ಕೊಟ್ರವ್ವ ಗಂಡನ ಕೈಯಲ್ಲಿದ್ದುದನ್ನು ನೋಡಿದಳು, ತನ್ನ ಕೈಯಲ್ಲಿದ್ದುದನ್ನು ನೋಡಿದಳು. ಅವನಿಗೆ ಸಿಕ್ಕದ್ದು ಅವಳದರ ಒಂದೂವರೆಪಟ್ಟು ಇತ್ತು.

“ಸಾಹೇಬ್ರೆ, ಇದೇನಿದು? ಈತ ಮೊನ್ನೆ ಬಂದೋನು.”

“ಗಂಡಾಳಿನ ಕೂಲಿ ಬ್ಯಾರೆ, ಹೆಣ್ಣಾಳಿನ ಕೂಲಿ ಬ್ಯಾರೆ ಅವ್ವ. ಎಲ್ಲಾ ಕಡೀಗೂ ಹಂಗೇ. ನಾ ಮಾಡಿದ್ದಲ್ಲ.”

“ಕೊಟ್ಟಿದ್ದು ಇಸ್ಕೊಂಡು ನಡಿ. ಜಗಳ ಬ್ಯಾಡ” ಎಂದ ಹನುಮಂತಪ್ಪ.

“ಜಗಳ ಅಲ್ಲ” ಎಂದಳು ಕೊಟ್ರವ್ವ. “ನಾಳಿಂದ ಹೊಟ್ಟಿನ ಚೀಲ ನಾ ಹೊರ್ತೀನಿ. ಈತ ಒಲಿ ಮುಂದೆ ಕೂಡ್ರಲಿ. ಗಂಡಾಳು ಮಂಡಕ್ಕಿ ಹೆಂಗೆ ಮಾಡ್ತಾನೋ ನೋಡೋಣ.”

ಜಮಾಲುದ್ದೀನ್ ಮಾತಿಗೆ ಅಂದಳು ಎಂದುಕೊಂಡರು. ಮರುದಿನ ಅವಳು ನಿಜವಾಗಿಯೂ ಸೆರಗು ಸಿಕ್ಕಿಸಿ ಚೀಲ ಹೊತ್ತಳು. ಸಂಜೆಯವರೆಗೆ ಹನುಮಂತಪ್ಪ ಎಷ್ಟು ಹೊರುತ್ತಿದ್ದನೋ ಅದಕ್ಕಿಂತ ಎರಡೇ ಚೀಲ ಕಡಿಮೆ. ಒಲೆಯ ಮುಂದೆ ಕೂತ ಹನುಮಂತಪ್ಪ ಮೊದಲ ಬಾಣಲಿ ಸುಟ್ಟ, ಎರಡನೆಯದರಲ್ಲಿ ಕಾಳು ಅರಳಲೇ ಇಲ್ಲ, ಮೂರನೆಯದಕ್ಕೆ ಅಂಗೈ ಸುಟ್ಟುಕೊಂಡು ಎದ್ದು ನಿಂತ. ಭಟ್ಟಿಯ ತುಂಬ ಕರಕಲು ವಾಸನೆ. ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವನು ಸುಟ್ಟ ಅಂಗೈಯನ್ನೇ ನೋಡುತ್ತ, “ಸಾಹೇಬ್ರೆ, ಅವಳ ಕೆಲಸಕ್ಕೆ ನನಗಿಂತ ಜಾಸ್ತಿ ಕೊಡಬೇಕು ನೀವು” ಎಂದ. ಆ ಮಾತು ಅವನ ಬಾಯಲ್ಲಿ ಬಂದದ್ದು ಎಲ್ಲರಿಗೂ ಕೇಳಿಸಿತು.

ಜಾಸ್ತಿ ಕೊಡಲಿಲ್ಲ ಜಮಾಲುದ್ದೀನ್. ಸಮ ಕೂಡ ಕೊಡಲಿಲ್ಲ. ರಂಜಾನ್ ಹಬ್ಬದ ಮುಂದೆ ಒಲೆ ಆರಿದರೆ ಕಷ್ಟವೆಂದು, ಒಲೆಯ ಮುಂದೆ ಕೂಡುವ ಹೆಂಗಸರಿಗೆ ಗಂಡಾಳಿನ ಕೂಲಿಗಿದ್ದ ವ್ಯತ್ಯಾಸದಲ್ಲಿ ಅರ್ಧ ತುಂಬಿಕೊಟ್ಟರು. ಉಳಿದ ಮೂರು ಭಟ್ಟಿಯವರೂ ಗೊಣಗುತ್ತ ಅಷ್ಟೇ ಮಾಡಿದರು. ಜರಡಿ ಆಡಿಸುವವರಿಗೆ ಏನೂ ಹೆಚ್ಚಾಗಲಿಲ್ಲ. ಅದು ಹಗುರ ಕೆಲಸ ಎಂದರು ಮಾಲೀಕರು.

“ಹಗುರ ಅಂತೆ!” ಎಂದಳು ಕೊಟ್ರವ್ವ, ಹೊಸ ಕೂಲಿ ಕೈಗೆ ಬಂದ ದಿನ. ಎಲ್ಲರೂ ಸಂತೋಷದಲ್ಲಿದ್ದರು. ಅವಳು ಮಾತ್ರ ಖತೀಜಾಬೀಯ ಊದಿಕೊಂಡ ಮಣಿಕಟ್ಟನ್ನು ಹಿಡಿದೆತ್ತಿ ಜಮಾಲುದ್ದೀನರ ಮುಖದ ಮುಂದೆ ಒಡ್ಡಿ ನಿಂತಳು.